ಕುರಿಯ ಲೆಕ್ಕದಲ್ಲಿ ನಪಾಸಾದ ಉಚ್ಚೀರಪ್ಪ

ಉಚ್ಚೀರಪ್ಪನನ್ನು ನಾನು ಮೊದಲು ಕಂಡದ್ದು ಅವನ ತಂದೆಯ ಹೆಗಲ ಮೇಲೆ. ೧೯೩೨ನೆಯ ಇಸವಿ ಜೂನ್ ತಿಂಗಳು, ಶಾಲೆ ತೆರೆದ ಮೂರನೆಯ ದಿನ. ಪೆದ್ದಹರಿವಾಣದಿಂದ ಎರಡು ಮೈಲಿ ಆಚೆಯ ಒಂದು ಊರಿನಲ್ಲಿ ನಾನಾಗ ಉಪಾಧ್ಯಾಯನಾಗಿದ್ದೆ. ನಾಲ್ಕು ತರಗತಿ, ಒಂದು ಕೋಣೆ, ಮೂವತ್ತೊಂದು ಮಕ್ಕಳು, ನಾನೊಬ್ಬ. ಹಾಜರಿ ಕರೆಯುತ್ತಿದ್ದಾಗ ಕೋಣೆ ಕತ್ತಲಾಯಿತು. ಬಾಗಿಲಲ್ಲಿ ಕಂಬಳಿ ಹೊದ್ದ ಎತ್ತರದ ಮನುಷ್ಯನೊಬ್ಬ ನಿಂತಿದ್ದ. ಅವನ ಹೆಗಲ ಮೇಲೆ ಎಂಟು ವರ್ಷದ ಹುಡುಗ. ತಂದೆ ಒಳಗೆ ಬರುವಾಗ ಬಾಗಿಲ ಮೇಲಿನ ಪಟ್ಟಿ ತಲೆಗೆ ತಗಲೀತೆಂದು ಹುಡುಗ ತಾನಾಗಿಯೇ ಬಗ್ಗಿದ. ಅವನ ಬುದ್ಧಿಯ ವಿಚಾರವಾಗಿ ನಾನು ಆ ದಿನ ಗಮನಿಸಿದ್ದು ಅಷ್ಟೇ.

ಆ ಮನುಷ್ಯ ಊರಿನ ಕುರಿಗಾರ ಮಾರೆಪ್ಪ. ಮಗನನ್ನು ಕೆಳಗಿಳಿಸಿ ಗೋಡೆಗೆ ಒರಗಿಸಿದ.

"ಅಯ್ಯೋರೆ, ಇವನ ಕಾಲು ವಾಸಿ ಆಗೋತನಕ ಇಲ್ಲಿ ಇಟ್ಕೊಳ್ರಿ."

"ಇದು ಆಸ್ಪತ್ರೆಯಲ್ಲಪ್ಪ, ಶಾಲೆ."

"ಗೊತ್ತೈತ್ರಿ. ಆಸ್ಪತ್ರಿ ಅಂದ್ರ ಆದವಾನಿಗೆ ಹೋಗಬೇಕು. ಇದು ಹತ್ರ ಐತಿ."

ಬೇಸಿಗೆಯಲ್ಲಿ ಗಾಡಿಯ ಚಕ್ರ ಹುಡುಗನ ಬಲಪಾದದ ಮೇಲೆ ಹಾದಿತ್ತು. ನಾಟಿ ವೈದ್ಯನೊಬ್ಬ ಎಲುಬು ಕೂಡಿಸಿ ಕಟ್ಟಿದ್ದ. ಕೂಡಿದ್ದು ಸ್ವಲ್ಪ ಸೊಟ್ಟಗೆ. ಗಾಯ ಮಾಯದೆ ಕೀವು ಸೋರುತ್ತಿತ್ತು. ಕುರಿಯ ಹಿಂದೆ ನಡೆಯಲಾರದ ಹುಡುಗನನ್ನು ಮನೆಯಲ್ಲಿ ನೋಡಿಕೊಳ್ಳುವವರಿಲ್ಲ. ತಾಯಿ ಗಾದಿಲಿಂಗಮ್ಮ ಮರಿಗಳ ಹಟ್ಟಿಯಲ್ಲಿ ಇರುತ್ತಿದ್ದಳು. ಆ ಮನೆಗಳಲ್ಲಿ ಗಟ್ಟಿ ಮಗ ಕುರಿಯ ಹಿಂದೆ ಹೋಗುವುದು, ಕುರಿಗೆ ಆಗದವನು ಶಾಲೆಗೆ ಬರುವುದು ವಾಡಿಕೆ. ಊರಿನ ಲೆಕ್ಕಪತ್ರ ನೋಡುವ ಕರಣಂ ರಾಘಣ್ಣನವರ ಮನೆಯಲ್ಲಿ ಈ ಪ್ರಶ್ನೆ ಏಳುತ್ತಿರಲಿಲ್ಲ. ಅವರ ಮಗ ಸೇತುಮಾಧವನ ಎರಡು ಕಾಲೂ ಚೆನ್ನಾಗಿದ್ದವು. ಆದರೂ ಅವನು ಶಾಲೆಗೆ ಬರುತ್ತಿದ್ದ.

ಉಚ್ಚೀರಪ್ಪನನ್ನು ಬಾಗಿಲ ಬಳಿ ಕೂರಿಸಿದೆ, ಕಾಲು ಚಾಚಿಕೊಳ್ಳಲು ಅನುಕೂಲವಾಗಲೆಂದು. ಕಾಲು ಮಡಚಲು ಬಂದ ಮೇಲೂ ಅವನು ಅಲ್ಲೇ ಕೂಡುತ್ತಿದ್ದ. ಮುಂದೆ ಬಾ ಎಂದು ನಾನು ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಆಗ ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಅವನಿಗೆ ಬರೆಯಲು ಒಂದು ಮುರಿದ ಸ್ಲೇಟು ಕೊಟ್ಟಿದ್ದೆ, ಅರ್ಧ ಭಾಗ ಮಾತ್ರ ಉಳಿದದ್ದು. ಜಾಗ ಸಾಲದೆ ಅವನು ಮುಕ್ಕಾಲು ಲೆಕ್ಕವನ್ನು ತಲೆಯಲ್ಲೇ ಮಾಡಿ ಉತ್ತರವನ್ನು ಮಾತ್ರ ಬರೆಯುತ್ತಿದ್ದ. ನಾನು ಇದನ್ನು ಬುದ್ಧಿಯೆಂದು ತಿಳಿದೆ. ಸ್ಲೇಟಿನ ಕೊರತೆಯೂ ಇರಬಹುದು. ಸೇತುಮಾಧವನಿಗೆ ಎರಡು ಸ್ಲೇಟುಗಳಿದ್ದವು, ಶಾಲೆಗೊಂದು, ಮನೆಗೊಂದು. ಸಂಜೆ ತಂದೆ ಕೂರಿಸಿಕೊಂಡು ಹೇಳಿಕೊಡುತ್ತಿದ್ದರು. ಬೆಳಿಗ್ಗೆ ಜ್ಞಾಪಕಶಕ್ತಿಗೆಂದು ತುಪ್ಪ ಕೊಡುತ್ತಿದ್ದರು. ಅವನು ನಿಧಾನವಾಗಿ, ಯಾರಿಗೂ ತೊಂದರೆಯಾಗದಂತೆ ಮುಂದುವರಿಯುತ್ತಿದ್ದ. ಉಚ್ಚೀರಪ್ಪ ದಸರೆಯೊಳಗೆ ಮೊದಲ ಪುಸ್ತಕ ಮುಗಿಸಿದ. ಮರುವರ್ಷ ಜೂನಿನಲ್ಲಿ ನಾನು ಅವನನ್ನು ಸೇತುಮಾಧವನೊಡನೆ ನಾಲ್ಕನೆಯ ತರಗತಿಗೆ ಹಾಕಿದೆ. ನಡುವಿನ ತರಗತಿಗಳು ಅವನಿಗೆ ಬೇಕಾಗಲಿಲ್ಲ.

ಒಂದು ವಿಚಿತ್ರವಿತ್ತು. ಶಾಲೆಗೆ ಎಷ್ಟು ಜನ ಬಂದಿದ್ದಾರೆ ಎಂದರೆ ಹೇಳುತ್ತಿರಲಿಲ್ಲ. ಯಾರು ಬಂದಿಲ್ಲವೆಂದು ಒಂದೇ ನೋಟಕ್ಕೆ ಹೇಳುತ್ತಿದ್ದ. "ಪಂಪಣ್ಣ ಇಲ್ರಿ, ಲಿಂಗಕ್ಕ ಇಲ್ರಿ." ಒಮ್ಮೆ ನಾನು ಸಹಜವಾಗಿ ಕೇಳಿದೆ:

"ನಿಮ್ಮ ಮನೆಯಲ್ಲಿ ಎಷ್ಟು ಕುರಿಗಳಿವೆಯೋ?"

"ಅದಾವ್ರಿ."

"ಎಷ್ಟು?"

"ಎಲ್ಲಾ ಅದಾವ್ರಿ."

ತೆರಿಗೆಗೆ ಹೆದರಿ ತಂದೆ ಹೀಗೆ ಕಲಿಸಿದ್ದಾನೆಂದು ತಿಳಿದು ಸುಮ್ಮನಾದೆ.

ಆ ವರ್ಷದ ಕಾರ್ತಿಕದಲ್ಲಿ ನನ್ನ ಹೆಂಡತಿ ತುಂಗಾಬಾಯಿ ಹುಡುಗನ ಕಾಲನ್ನು ನೋಡಿದಳು.

"ಏನ್ರೀ, ಆ ಹುಡುಗನ ಕಾಲು ನೋಡೀರೇನು? ಕೀವು ಸೋರ್ತದ. ನೀವು ಅದರ ಮುಂದ ಕೂತು ಮಗ್ಗಿ ಹೇಳಿಸ್ತೀರಿ."

"ಔಷಧ ಹಚ್ಚು. ಅವಸರವೇನಿಲ್ಲ," ಎಂದೆ.

"ಅವಸರ ಇಲ್ಲ ಅಂದ್ರ ಏನು?"

ಕಾಲು ವಾಸಿಯಾದರೆ ಓದು ನಿಲ್ಲುತ್ತದೆಂದು ವಿವರಿಸಿದೆ.

"ಹಂಗಂತ ಹುಡುಗನ್ನ ಕುಂಟ ಮಾಡಿ ಕೂಡಿಸ್ತೀರೇನು? ನಿಮ್ಮ ವಿದ್ಯಾದಾನಕ್ಕ ಬೆಂಕಿ ಹಾಕ."

ಅವಳು ಬೇವಿನೆಣ್ಣೆಗೆ ಅರಿಶಿನ ಕಲಸಿ ದಿನವೂ ಹಚ್ಚಿದಳು. ಮಡಿಗೆ ಭಂಗ ಬರಬಾರದೆಂದು ಸ್ನಾನಕ್ಕೆ ಮೊದಲೇ ಹಚ್ಚಿ ಮುಗಿಸುತ್ತಿದ್ದಳು. ಒಂದೂವರೆ ವರ್ಷ ಮಾಯದ ಗಾಯ ನಲವತ್ತು ದಿನದಲ್ಲಿ ಮಾಯಿತು. ಸಂಕ್ರಾಂತಿಯ ಹೊತ್ತಿಗೆ ಹುಡುಗ ಸ್ವಲ್ಪ ಸೊಟ್ಟಗೆ, ಆದರೆ ಬಿರುಸಾಗಿ ಓಡುತ್ತಿದ್ದ. ನನ್ನ ಶಾಲೆಯ ಅತ್ಯುತ್ತಮ ವಿದ್ಯಾರ್ಥಿಯನ್ನು ನನ್ನ ಮನೆಯವರೇ ಗುಣಪಡಿಸಿಬಿಟ್ಟರು.

ಮಾರೆಪ್ಪ ಬಂದ. ಮಗನನ್ನು ಅಂಗಳದಲ್ಲಿ ಎರಡು ಸಲ ಅತ್ತಿತ್ತ ನಡೆಸಿ ನೋಡಿದ.

"ಕಾಲು ಬಂತಲ್ರೀ ಅಯ್ಯೋರೆ. ಇನ್ನ ಕೊಡ್ರಿ," ಎಂದ, ರಿಪೇರಿಗೆ ಬಿಟ್ಟ ನೇಗಿಲು ಕೇಳುವಂತೆ.

ಮಾರ್ಚ್ ತಿಂಗಳಲ್ಲಿ ಇನ್‌ಸ್ಪೆಕ್ಟರರು ಬರುತ್ತಾರೆ, ನಾಲ್ಕನೆಯ ತರಗತಿಯನ್ನು ಪರೀಕ್ಷಿಸುತ್ತಾರೆ, ಪಾಸಾದವರು ಆದವಾನಿಗೆ ಹೋಗಿ ಮುಂದೆ ಓದಬಹುದು, ಎರಡು ತಿಂಗಳು ತಾಳು ಎಂದು ನಾನು ಕೇಳಿಕೊಂಡೆ. ಮಾರೆಪ್ಪ ಮಗನ ಮುಖ ನೋಡಿದ.

"ಏನಲೇ?"

"ಪಾಸಾಗ್ತೀನಪ್ಪ."

"ಸರೇ. ಸರಕಾರದ ಸಾಹೇಬ್ರು ಪಾಸಂದ್ರ ಓದ್ಲಿ, ನಾ ಬ್ಯಾಡ ಅನ್ನಂಗಿಲ್ಲ. ಫೇಲಂದ್ರ ಕೋಲು ಹಿಡೀಲಿ. ಮಾತು ಒಂದ ಅಯ್ಯೋರೆ."

ಒಪ್ಪಿದೆ. ಉಚ್ಚೀರಪ್ಪ ಫೇಲಾಗುವ ಸಂಭವವೇ ನನಗೆ ಕಾಣಲಿಲ್ಲ.

ಇನ್‌ಸ್ಪೆಕ್ಟರರು ಸಾತ್ವಿಕರು. ಮಕ್ಕಳನ್ನು ಹೆದರಿಸುವುದು ಅವರಿಗೆ ಹಿಡಿಸದು. ಮಗುವಿಗೆ ತನ್ನ ಮನೆಯ ಬಾಳಿನಿಂದಲೇ ಪ್ರಶ್ನೆ ಹಾಕಿದರೆ ಅದು ಸುಲಭವಾಗಿ ಉತ್ತರಿಸುತ್ತದೆಂದು ಅವರು ಎಲ್ಲೋ ಓದಿ ಮೆಚ್ಚಿಕೊಂಡಿದ್ದರು. ಓದುವುದರಲ್ಲಿ, ಉಕ್ತಲೇಖನದಲ್ಲಿ ಉಚ್ಚೀರಪ್ಪ ಒಂದು ತಪ್ಪೂ ಮಾಡಲಿಲ್ಲ. ಅವರು ತಲೆದೂಗಿದರು. ಆಮೇಲೆ ಬಾಯಿಲೆಕ್ಕ.

ಮೊದಲು ಸೇತುಮಾಧವ. "ನಿಮ್ಮ ಮನೆಯಲ್ಲಿ ಇಪ್ಪತ್ತನಾಲ್ಕು ಹೋಳಿಗೆ ಮಾಡಿದ್ದಾರೆ. ಉಣ್ಣುವವರು ಆರು ಜನ. ತಲೆಗೆ ಎಷ್ಟು ಬಂತು?" ಸೇತುಮಾಧವ ಬೆರಳು ಮಡಚಿ, ತುಟಿ ಅಲ್ಲಾಡಿಸಿ, "ನಾಲ್ಕು" ಎಂದ. ಈ ವಿಷಯದಲ್ಲಿ ಅವನಿಗೆ ಅನುಭವವಿತ್ತು.

ಆಮೇಲೆ ಉಚ್ಚೀರಪ್ಪ.

"ನಿಮ್ಮಪ್ಪ ಏನು ಮಾಡ್ತಾರಪ್ಪ?"

"ಕುರಿ ಅದಾವ್ರಿ."

"ಭೇಷ್! ಹಾಗಾದರೆ ಕೇಳು. ನಿಮ್ಮಪ್ಪನ ಹತ್ತಿರ ನೂರಿಪ್ಪತ್ತು ಕುರಿ ಇವೆ. ರೋಗ ಬಂದು ಕಾಲುಭಾಗ ಸತ್ತುಹೋದವು. ಉಳಿದವುಗಳಲ್ಲಿ ಮೂರನೆಯ ಒಂದು ಭಾಗವನ್ನು ಮಾರಿದರು. ಇನ್ನು ಎಷ್ಟು ಉಳಿದವು?"

ಉಚ್ಚೀರಪ್ಪ ಎದ್ದ. ಕಿಟಕಿಗೆ ಹೋಗಿ ಹೊರಗೆ ಮೂರು ಸಲ ಉಗುಳಿ, ಬಂದು ತನ್ನ ಜಾಗದಲ್ಲಿ ನಿಂತ. ಒಂದನೆಯ ತರಗತಿಯಲ್ಲಿದ್ದ ಇನ್ನಿಬ್ಬರು ಕುರಿಗಾರರ ಮಕ್ಕಳೂ ಎದ್ದು ಹೋಗಿ ಉಗುಳಿ ಬಂದರು.

ಇನ್‌ಸ್ಪೆಕ್ಟರರು ಲೇಖನಿಯನ್ನು ಕೆಳಗಿಟ್ಟರು.

"ಇದೇನಪ್ಪ?"

"ನಮ್ಮ ಕುರಿ ಯಾಕ ಸಾಯ್ತಾವ್ರಿ?"

"ನಿಜವಾಗಿ ಅಲ್ಲಪ್ಪ. ಲೆಕ್ಕಕ್ಕೆ ಸಾಯ್ತವೆ."

"ಲೆಕ್ಕಕ್ಕ ಸತ್ರೂ ಸತ್ತಂಗ ಅಲ್ರೀ?"

"ಸರಿ, ಸಾಯೋದು ಬೇಡ. ನೂರಿಪ್ಪತ್ತು ಕುರಿ. ಮೂವತ್ತು ಮಾರಿದರು. ಎಷ್ಟು ಉಳಿದವು?"

ಹುಡುಗ ಅಡ್ಡ ತಲೆಯಾಡಿಸಿದ.

"ಎಣಸಬಾರದ್ರಿ," ಎಂದ.

"ಯಾಕೆ?"

"ಎಣಸಿದ್ರ ಇರಂಗಿಲ್ರಿ."

"ಹೋಗಲಿ, ಇಪ್ಪತ್ತು ಕುರಿ. ಐದು ಮಾರಿದರು."

"ಹದಿನೈದು!" ಎಂದು ಸೇತುಮಾಧವ ಮುಂದಿನ ಸಾಲಿನಿಂದ ಕೂಗಿದ. ಅವನ ಮನೆಯಲ್ಲಿ ಕುರಿಗಳಿರಲಿಲ್ಲ.

"ನೋಡು, ಅವನಿಗೆ ಗೊತ್ತಿದೆ," ಎಂದು ಇನ್‌ಸ್ಪೆಕ್ಟರರು ನಿಟ್ಟುಸಿರಿಟ್ಟು ರಿಜಿಸ್ಟರಿನಲ್ಲಿ ಬರೆದರು: ಗಣಿತ ಸೊನ್ನೆ, ನಡತೆ ಸುಧಾರಿಸಬೇಕು, ಫಲಿತಾಂಶ ನಪಾಸು. ನಾನು ಸೀಮೆಸುಣ್ಣ ಹಿಡಿದು ಹಲಗೆಯ ಪಕ್ಕದಲ್ಲೇ ನಿಂತಿದ್ದೆ. ಆ ಊರಿಗೆ ಬಂದು ಆರು ವರ್ಷವಾಗಿತ್ತು. ನನ್ನ ಲೆಕ್ಕಗಳಲ್ಲಿ ಮಾವು, ಬದನೆ, ಬಟ್ಟೆಯ ಗಜಗಳಷ್ಟೇ ಇರುತ್ತಿದ್ದವು. ಕುರಿಗಾರರು ತಮ್ಮ ಕುರಿಗಳ ಸಂಖ್ಯೆಯನ್ನು ಬಾಯಲ್ಲಿ ಹೇಳುವುದಿಲ್ಲವೆಂದು ನನಗೆ ಗೊತ್ತೇ ಇರಲಿಲ್ಲ.

ಇನ್‌ಸ್ಪೆಕ್ಟರರು ಊಟಕ್ಕೆ ಕರಣಂ ಅವರ ಮನೆಗೆ ಹೋದರು. ನಾನು ಹುಡುಗನನ್ನು ಹೊರಗಿನ ಕಲ್ಲಿನ ಮೇಲೆ ಕೂರಿಸಿ ಕೇಳಿದೆ. ಅವನು ಹೇಳಿದ: ಪ್ರತಿ ಕುರಿಯ ಮುಖವೂ ಗೊತ್ತಿರುತ್ತದೆ, ಒಂದು ತಪ್ಪಿದರೆ ಇಂಥದ್ದೇ ಇಲ್ಲವೆಂದು ತಿಳಿಯುತ್ತದೆ. ಸಂಖ್ಯೆ ಯಾರಿಗೆ ಬೇಕು? ಸಂಖ್ಯೆಯನ್ನು ಆಡಿದರೆ ಕೆಡುಕು ಕೇಳಿಸಿಕೊಳ್ಳುತ್ತದೆ.

"ಲೆಕ್ಕ ಬರ್ತಿತ್ತೇನೋ ನಿನಗೆ?"

"ಬರ್ತಿತ್ರಿ. ಅಪ್ಪನ ಕುರಿ ಕೊಂದು ಪಾಸಾಗ್ಲೇನ್ರಿ?"

"ನೂರಿಪ್ಪತ್ತು ಬದನೆಕಾಯಿ. ಕಾಲುಭಾಗ ಕೊಳೆತವು. ಉಳಿದವುಗಳಲ್ಲಿ ಮೂರನೆಯ ಒಂದು..."

"ಅರವತ್ರಿ."

ಅವನ ಕೈ ಹಿಡಿದು ಕರಣಂ ಅವರ ಮನೆಗೆ ಹೋದೆ. ಅವನು ಬೀದಿಯಲ್ಲಿ ನಿಂತ, ನಾನು ಒಳಗೆ ಹೋದೆ. ಊಟ ಮುಗಿದು ಇನ್‌ಸ್ಪೆಕ್ಟರರು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ನಡೆದದ್ದನ್ನು ಹೇಳಿ, ಹುಡುಗನನ್ನು ಇನ್ನೊಮ್ಮೆ ಬದನೆಕಾಯಿಯಲ್ಲಿ ಪರೀಕ್ಷಿಸಬೇಕೆಂದು ಬೇಡಿಕೊಂಡೆ. ಅವರು ತಾಳ್ಮೆಯಿಂದ ಕೇಳಿದರು.

"ಮೇಷ್ಟ್ರೇ, ಬದನೆಕಾಯಿಗೆ ಬರುತ್ತೆ, ಕುರಿಗೆ ಬರೋಲ್ಲ ಅಂತೀರಿ. ಅವನ ಮನೆಯಲ್ಲಿ ಇರೋದು ಯಾವುದು?"

"ಕುರಿ."

"ಅಲ್ಲವೆ? ನಾನು ಅವನಿಗೆ ಅತ್ಯಂತ ಸುಲಭವಾದದ್ದನ್ನೇ ಕೇಳಿದೆ."

ರಾಘಣ್ಣನವರಿಗೆ ನಗು ತಡೆಯಲಾಗಲಿಲ್ಲ. "ಕುರಿ ಕಾಯೋನ ಮಗ ಕುರಿ ಲೆಕ್ಕದಾಗ ಫೇಲು! ಏನ್ ಸ್ವಾಮಿ ಇದು? ನಮ್ಮ ಸೇತು ಹೋಳಿಗಿ ಲೆಕ್ಕ ತಪ್ಪಿದ್ದ ಅಂದ್ರ ಅವನಿಗೆ ಇವತ್ತು ಊಟ ಇರ್ತಿರ್ಲಿಲ್ಲ."

"ಶಾಯಿಯಲ್ಲಿ ಬರೆದಾಗಿದೆ ಮೇಷ್ಟ್ರೇ," ಎಂದರು ಇನ್‌ಸ್ಪೆಕ್ಟರರು. "ಮುಂದಿನ ವರ್ಷ ನೋಡೋಣ."

ಮುಂದಿನ ವರ್ಷದ ಮಾತು ಮಾರೆಪ್ಪನ ಕೈಯಲ್ಲಿತ್ತು. ಆಗ ಅವನ ಹಿಂಡು ಹಾಲಹರವಿಯ ಕಡೆ, ರೈತರ ಹೊಲಗಳಲ್ಲಿ ಗೊಬ್ಬರಕ್ಕಾಗಿ ತಂಗಿತ್ತು. ಒಂದು ಭಾನುವಾರ ಹುಡುಗನನ್ನು ಕರೆದುಕೊಂಡು ನಸುಕಿಗೆ ಹೊರಟೆ. ಮಧ್ಯಾಹ್ನದ ಬಿಸಿಲಿಗೆ ಹಿಂಡು ಒಂದು ಬೇವಿನ ಕೆಳಗೆ ಮಲಗಿತ್ತು. ಮಾರೆಪ್ಪ ಕಂಬಳಿ ಹಾಸಿ ಕೂರಿಸಿ, ಕುರಿಯ ಹಾಲು ಕರೆದು ತಂದ. ಊಟವಾಗಿದೆ ಎಂದೆ. ಆಗಿರಲಿಲ್ಲ. ಅವನಿಗೂ ಗೊತ್ತಿತ್ತು, ಹಾಲನ್ನು ಮಗನಿಗೆ ಕೊಟ್ಟ.

ನಾನು ಪರೀಕ್ಷೆಯ ಕತೆ ಹೇಳಿದೆ. ಮಾರೆಪ್ಪ ನಡುನಡುವೆ ಮಗನ ಕಡೆ ನೋಡುತ್ತಿದ್ದ.

"ಕಾಲುಭಾಗ ಸತ್ವು ಅಂದ್ರಾ ಸಾಹೇಬ್ರು?"

"ಲೆಕ್ಕಕ್ಕೆ."

"ನೀ ಏನ್ ಮಾಡ್ದಿ?"

"ಉಗುಳಿದೆ," ಎಂದ ಹುಡುಗ.

"ಚಲೋ ಮಾಡ್ದಿ." ನನ್ನ ಕಡೆ ತಿರುಗಿದ. "ಕಲಿಸೀರಿ ಬಿಡ್ರಿ ಅಯ್ಯೋರೆ, ಹುಡುಗ ಶಾಣ್ಯಾ ಆಗ್ಯಾನ."

ತಪ್ಪು ಹುಡುಗನದಲ್ಲವೆಂದು ಒಪ್ಪಿದನಲ್ಲ, ಈಗ ಗೆದ್ದೆ ಎಂದುಕೊಂಡೆ. ಇನ್ನೊಂದು ವರ್ಷ ಕೊಡು, ಖಂಡಿತ ಪಾಸಾಗುತ್ತಾನೆ ಎಂದೆ.

"ಪಾಸಾದ ಅಂತ ಇಟ್ಕೊಳ್ರಿ. ಆಮ್ಯಾಲೆ?"

"ಆದವಾನಿಯಲ್ಲಿ ಓದು."

"ಊಟ ಎಲ್ಲಿ?"

ಸೇತುಮಾಧವನಿಗೆ ಅಲ್ಲಿ ಅತ್ತೆಯ ಮನೆಯಿತ್ತು.

"ನೀವು ಎಲ್ಲಿ ಉಂಡು ಓದಿದ್ರಿ ಅಯ್ಯೋರೆ?" ಎಂದು ಮಾರೆಪ್ಪನೇ ಕೇಳಿದ.

"ಆದವಾನಿಯಲ್ಲೇ. ವಾರಾನ್ನ."

"ಅಂದ್ರ?"

"ಏಳು ಮನೆ. ವಾರದಲ್ಲಿ ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟ."

"ಬಿಟ್ಟಿ?"

"ಬಿಟ್ಟಿ."

"ಎಷ್ಟು ವರ್ಷ?"

"ಏಳು ವರ್ಷ."

ಮಾರೆಪ್ಪನಿಗೆ ಇದು ಬಹಳ ಒಪ್ಪಿಗೆಯಾಯಿತು. "ಭಾಳ ಚಲೋ ಪದ್ಧತಿ ಐತ್ರೀ! ಹಂಗಾದ್ರ ಇವನ್ಗೂ ಒಂದು ಏಳು ಮನಿ ನೋಡ್ರಿ. ಇವತ್ತ ಕಳಸ್ತೀನಿ."

ಅವನು ವ್ಯಂಗ್ಯವಾಗಿ ಹೇಳಿದ್ದಲ್ಲ. ಏಳು ಮನೆಯವರು ಒಬ್ಬ ಹುಡುಗನಿಗೆ ಅನ್ನ ಹಾಕುತ್ತಾರೆಂದರೆ ಇನ್ನೊಬ್ಬನಿಗೂ ಹಾಕುತ್ತಾರೆಂದು ನಂಬಿದ್ದ. ಆ ಏಳು ಮನೆಗಳು ಯಾವುವು, ಅಲ್ಲಿ ಯಾರು ಯಾರ ಸಾಲಿನಲ್ಲಿ ಕೂಡುತ್ತಾರೆ ಎಂಬುದನ್ನು ನಾನು ಬಿಡಿಸಿ ಹೇಳಲಿಲ್ಲ. ನೋಡುತ್ತೇನೆ ಎಂದೆ.

ನೋಡಿದೆ. ನಾನು ಉಂಡಿದ್ದ ಮನೆಗಳಲ್ಲಿ ನಾಲ್ಕು ಇನ್ನೂ ಉಳಿದಿದ್ದವು. ನಾಲ್ಕಕ್ಕೂ ಪತ್ರ ಬರೆದೆ. ಮೂರು ಮನೆಯವರು ನನ್ನ ಕ್ಷೇಮವನ್ನು ವಿಚಾರಿಸಿ ಉತ್ತರ ಬರೆದರು. ಹುಡುಗನ ಮಾತು ಎತ್ತಲಿಲ್ಲ. ನಾಲ್ಕನೆಯವರು ನನ್ನ ಸೋದರತ್ತೆ ಅನ್ನಪೂರ್ಣಾಬಾಯಿ, ವಿಧವೆ, ಕಟುಮಾತಿನವರು. "ಗುರುವಾರ ಬರಲಿ. ಹೊರಗಿನ ಜಗುಲಿಯ ಮೇಲೆ ಎಲೆ ಹಾಕುತ್ತೇನೆ, ತಾನೇ ಎತ್ತಿ ಬಳಿದು ಹೋಗಬೇಕು. ಮಿಕ್ಕ ದಿನಗಳಿಗೆ ನಿನ್ನ ದೇವರನ್ನು ಕೇಳಿಕೋ," ಎಂದು ಬರೆಸಿದ್ದರು. ಹೀಗೆ ಗುರುವಾರ ಗೊತ್ತಾಯಿತು.

ಶಾಲೆಗೆ ಬಂದ ಮಾರೆಪ್ಪನಿಗೆ ಈ ವಿಷಯವನ್ನು ತಿಳಿಸಿದೆ.

"ಗುರುವಾರ ಉಂತಾನ. ಆರು ದಿನ ಏನ್ ತಿಂತಾನ್ರಿ ಅಯ್ಯೋರೆ, ಮಗ್ಗಿನಾ?"

ಉಚ್ಚೀರಪ್ಪ ಪಕ್ಕದಲ್ಲೇ ನಿಂತಿದ್ದ. ಅಳಲಿಲ್ಲ. ಸ್ಲೇಟನ್ನು ಒರೆಸಿ ನನ್ನ ಮೇಜಿನ ಮೇಲೆ ಇಟ್ಟು, ತಂದೆಯ ಹಿಂದೆ ಹೋದ. ಈ ಸಲ ಹೆಗಲ ಮೇಲೆ ಹೋಗಲಿಲ್ಲ.

ಆ ವರ್ಷ ಮಳೆಗಾಲದಲ್ಲಿ ಮೇಲಿನಿಂದ ಒಂದು ಸುತ್ತೋಲೆ ಬಂತು. ಕುರಿಗಾರರ ಮಕ್ಕಳು ಗಣಿತದಲ್ಲಿ ಹಿಂದುಳಿದಿರುವುದು ತನಿಖೆಯಿಂದ ಕಂಡುಬಂದಿರುವುದರಿಂದ, ಅಂಥ ಮಕ್ಕಳಿರುವ ಶಾಲೆಗಳಲ್ಲಿ ಎಲ್ಲ ಲೆಕ್ಕಗಳನ್ನೂ ಕುರಿಗಳ ಮೂಲಕವೇ ಕಲಿಸತಕ್ಕದ್ದು. ಪಾಠದ ಟಿಪ್ಪಣಿಯಲ್ಲಿ ನಾನು ಕುರಿ ಎಂದು ಬರೆದು, ತರಗತಿಯಲ್ಲಿ ಬದನೆಕಾಯಿ ಎಂದು ಹೇಳುತ್ತ ಹನ್ನೆರಡು ವರ್ಷ ಕಳೆದೆ. ನನ್ನ ಸೇವಾಪುಸ್ತಕದಲ್ಲಿ "ಆಜ್ಞೆಗಳನ್ನು ಚಾಚೂ ತಪ್ಪದೆ ಪಾಲಿಸುವವರು" ಎಂಬ ಒಂದು ಒಳ್ಳೆಯ ಮಾತಿದೆ.

ಸೇತುಮಾಧವ ಆದವಾನಿಗೆ ಹೋದ. ಮನೆಪಾಠಕ್ಕೆ ಇಬ್ಬರನ್ನು ಇಟ್ಟಿದ್ದರು. ಥರ್ಡ್ ಫಾರಮ್ಮಿನಲ್ಲಿ, ಅಂದರೆ ಎಂಟನೆಯ ತರಗತಿಯಲ್ಲಿ, ಎರಡು ಸಲ, ಎಸ್.ಎಸ್.ಎಲ್.ಸಿ.ಯಲ್ಲಿ ಮೂರು ಸಲ ಕುಳಿತು ಪಾಸಾದ. ಈಗ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದಾನೆ, ಅಕ್ಷರ ಮುತ್ತಿನಂತಿದೆ. ಹಬ್ಬಕ್ಕೆ ಬಂದರೆ ನಮಸ್ಕರಿಸದೆ ಹೋಗುವುದಿಲ್ಲ. ಅವನ ಮೇಲೂ ನನಗೆ ಪ್ರೀತಿಯೇ. ಕೇಳಿದ್ದಕ್ಕೆ ಸರಿಯಾಗಿ ಉತ್ತರ ಹೇಳಿದ, ಅವನ ತಪ್ಪೇನು?

ಉಚ್ಚೀರಪ್ಪ ಹತ್ತು ವರ್ಷ ಕುರಿಯ ಹಿಂದೆ ಇದ್ದ. ನಡುವೆ ಊರಿಗೆ ಬಂದಾಗ ಹಳೆಯ ವೃತ್ತಪತ್ರಿಕೆಗಳಿದ್ದರೆ ಕೇಳಿ ಒಯ್ಯುತ್ತಿದ್ದ, ಆರು ತಿಂಗಳು ಹಳೆಯದಾದರೂ ಬೇಸರವಿರಲಿಲ್ಲ. ಮಾರೆಪ್ಪ ತೀರಿದ ಮೇಲೆ ಹಿಂಡನ್ನು ಅಣ್ಣನಿಗೆ ಬಿಟ್ಟು, ಉಣ್ಣೆ ಮತ್ತು ಕಂಬಳಿಗಳ ವ್ಯಾಪಾರಕ್ಕೆ ಇಳಿದ. ಆದವಾನಿಯಲ್ಲಿ ಉಣ್ಣೆ ಇಡಲು ಒಂದು ಕೋಣೆ ಹಿಡಿದ. ನಾನು ೧೯೪೬ರಲ್ಲಿ ನಿವೃತ್ತನಾಗಿ ಅದೇ ಪೇಟೆಗೆ ಬಂದು ನೆಲಸಿದ್ದೆ. ಒಂದು ಬೆಳಿಗ್ಗೆ ಉಚ್ಚೀರಪ್ಪ ಬಂದು ಜಗುಲಿಯ ಮೇಲೆ ಕುಳಿತ.

"ಅಯ್ಯೋರೆ, ನಮ್ಮ ಕೋಣ್ಯಾಗ ಉಣ್ಣಿ ಒಂದು ಕಡಿ ಸರಿಸಿದ್ರ ನಾಕು ಹುಡುಗ್ರು ಮಲಕ್ಕೋಬಹುದ್ರಿ. ರೊಟ್ಟಿ ನಾ ಬಡೀತೀನಿ, ಏಳೂ ದಿನ. ಸ್ಕೂಲಿಗೆ ಸೇರಸೋದು ನಿಮ್ದು."

"ಯಾರ ಮಕ್ಕಳೋ?"

"ನಮ್ಮೋರವ್ರಿ. ಕುರಿಗಾರರವು."

ಮೂರು ವರ್ಷದಲ್ಲಿ ಒಟ್ಟು ಎಂಟು ಹುಡುಗರು ಬಂದರು. ಐವರು ಬಿಟ್ಟುಹೋದರು. ಒಬ್ಬನಿಗೆ ತಾಯಿಯ ನೆನಪು ಬಹಳ, ಇಬ್ಬರನ್ನು ಮರಿಹಾಕುವ ಕಾಲಕ್ಕೆ ಮನೆಯವರು ಕರೆದೊಯ್ದರು, ಇಬ್ಬರಿಗೆ ಓದು ಹತ್ತಲಿಲ್ಲ. ಉಳಿದ ಮೂವರಲ್ಲಿ ಮಾರೆಣ್ಣ ಎಂಬವನು ಈ ಸಲ ಥರ್ಡ್ ಫಾರಮ್ಮಿಗೆ ಹೋಗಿದ್ದಾನೆ, ಒಂದೇ ಸಲಕ್ಕೆ. ನಾನು ಬೆಳಿಗ್ಗೆ ಹೋಗಿ ಒಂದು ಗಂಟೆ ಪಾಠ ಹೇಳುತ್ತೇನೆ. ಕೋಣೆಯಲ್ಲಿ ಉಣ್ಣೆಯ ವಾಸನೆ ವಿಪರೀತ, ನನಗೆ ರೂಢಿಯಾಗಿದೆ. ರೊಟ್ಟಿ ಮಾತ್ರ ಚೆನ್ನಾಗಿರುವುದಿಲ್ಲವೆಂದು ಹುಡುಗರು ನನ್ನೆದುರಿಗೇ ಹೇಳುತ್ತಾರೆ. ಒಂದು ಕಡೆ ಹೊತ್ತಿರುತ್ತದೆ, ಇನ್ನೊಂದು ಕಡೆ ಹಸಿ. ನಾನೂ ತಿಂದು ನೋಡಿದ್ದೇನೆ. ಹುಡುಗರು ಹೇಳುವುದು ನಿಜ.

ನಾಲ್ಕನೆಯ ಜಾಗ ಈಗ ಖಾಲಿಯಿದೆ. ಗೋನೆಗಂಡ್ಲದ ಕಡೆಯ ಕುರಿಗಾರ ಮಲ್ಲಯ್ಯನಿಗೆ ಚುರುಕಾದ ಒಬ್ಬ ಮಗನಿದ್ದಾನೆ. ಅವನನ್ನು ಕೇಳಲು ಉಚ್ಚೀರಪ್ಪ ಎರಡು ಸಲ ಹೋಗಿ ಬಂದ. ಮಲ್ಲಯ್ಯ ಎರಡನೆಯ ಸಲ ಹೇಳಿದನಂತೆ: "ನನ್ನ ಮಗನಿಗೆ ವರ್ಷಗಟ್ಟಲೆ ನೀ ರೊಟ್ಟಿ ಹಾಕ್ತೀಯಲ್ಲ, ಮೊದಲ ನಮ್ಮ ಮನ್ಯಾಗ ಬಡದು ತೋರ್ಸು. ನಾನೂ ನನ್ನ ಹೆಂಡ್ತಿ ಉಚ್ಚಮ್ಮನೂ ತಿಂದು ನೋಡ್ತೀವಿ. ಆಮ್ಯಾಲೆ ಕಳಸೋ ಮಾತು."

ಸೋಮವಾರ ಐದು ಸೇರು ಜೋಳದ ಹಿಟ್ಟು ಹೊತ್ತುಕೊಂಡು ಉಚ್ಚೀರಪ್ಪ ಮೂರನೆಯ ಸಲ ಗೋನೆಗಂಡ್ಲಕ್ಕೆ ಹೋದ. ಇವತ್ತು ಗುರುವಾರ, ತಿರುಗಿ ಬಂದಿಲ್ಲ. ಇನ್ನೂ ರೊಟ್ಟಿ ಬಡಿಯುತ್ತಿದ್ದಾನೆಂದು ಕಾಣುತ್ತದೆ.